ನಿತೇಶನ ಪಾಳಿ

ಶಾಲೆಯ ಊಟದ ಗಂಟೆ ಹೊಡೆದರೆ ಕಾಲೊನಿಯ ಕೊನೆಯ ಓಣಿಯವರೆಗೂ ಕೇಳಿಸುತ್ತದೆ. ಅಲ್ಲಿ ಅಜ್ಜಿ ಕಾಶಿಯ ಮನೆಯ ಜಗಲಿಯಲ್ಲಿ ದಿಂಬಿಗೆ ಒರಗಿ ಕೂತ ನಿತೇಶ ಗಂಟೆ ಕೇಳಿದೊಡನೆ ಓಣಿಯ ಕಡೆ ಕುತ್ತಿಗೆ ತಿರುಗಿಸುತ್ತಾನೆ. ಅವನಿಗೆ ಹತ್ತು ವರ್ಷ. ಹುಟ್ಟಿದಂದಿನಿಂದ ಕಾಲಲ್ಲಿ ಬಲವಿಲ್ಲ, ಕೈ ಅವನ ಮಾತು ಕೇಳುವುದಿಲ್ಲ, ಮಾತೂ ನಿಧಾನ. ಹೆಸರು ಶಾಲೆಯಲ್ಲಿದೆ, ಪಾಠ ಮನೆಯಲ್ಲಿ. ವಾರಕ್ಕೊಮ್ಮೆ ಅಂಕೋಲೆಯಿಂದ ವೀಣಾ ಅಕ್ಕೋರು ಬಂದು, ಹುಣಸೆ ಬೀಜ ಜೋಡಿಸಿಟ್ಟು ಲೆಕ್ಕ ಹೇಳಿಕೊಡುತ್ತಾರೆ.

ಮನೆಯಲ್ಲಿ ಕಲಿಯುವ ಹುಡುಗನೆಂದು ಮೊದಮೊದಲು ಅವನ ಪಾಲಿನ ಅಕ್ಕಿ ಬೇಳೆಯನ್ನು ಶಾಲೆಯವರು ಮನೆಗೇ ಮುಟ್ಟಿಸುತ್ತಿದ್ದರು. ಆದರೆ ಅವನ ತಂಗಿ ಪ್ರಗತಿ ದಿನಾ ಸಂಜೆ ಬಂದು, ಇವತ್ತು ಸೌತೆಕಾಯಿ ಸಾಂಬಾರು, ಇವತ್ತು ಮೊಟ್ಟೆ, ನಮ್ಮ ಕ್ಲಾಸಿನ ಸಂಕೇತ ಮೂರು ಸಲ ಹಾಕಿಸಿಕೊಂಡ ಎಂದು ಕೈಬಾಯಿ ತಿರುಗಿಸಿ ಹೇಳುವಳು. ಒಂದು ದಿನ ನಿತೇಶ ಲೆಕ್ಕದ ಬೀಜ ದೂಡಿ, "ನಂಗೆ... ಶಾಲೆ ಊಟ" ಎಂದ. ವೀಣಾ ಅಕ್ಕೋರು ಹೋಗಿ ಮುಖ್ಯ ಶಿಕ್ಷಕ ನಾಗೇಶ ಮಾಸ್ತರಿಗೆ ಹೇಳಿದರು. ಮಾಸ್ತರು ತುಸು ಯೋಚಿಸಿ, ಅವನೂ ನಮ್ಮ ಹುಡುಗನೇ ಅಲ್ಲವೇ, ಬಿಸಿಯಾದದ್ದೇ ಹೋಗಲಿ ಎಂದರು.

ಮರುದಿನದಿಂದ ಅಡುಗೆಯ ಬೊಮ್ಮಿ ಗಂಟೆ ಹೊಡೆಯುತ್ತಲೇ ಶಾಲೆಯ ಸ್ಟೀಲ್ ಡಬ್ಬಿಯಲ್ಲಿ ಅನ್ನ ಸಾಂಬಾರು ತುಂಬಿಕೊಂಡು, ಸೆರಗು ಸುತ್ತಿ ಹಿಡಿದು ಕಾಲೊನಿಗೆ ಬರತೊಡಗಿದಳು. ನಿತೇಶ ಒಂದು ಅಗುಳೂ ಬಿಡದೆ ತಿಂದ. ಮಧ್ಯಾಹ್ನ ನಾಲ್ಕು ತುತ್ತಿಗೆ ಮುಖ ತಿರುಗಿಸುತ್ತಿದ್ದ ಹುಡುಗ ಹೀಗೆ ಉಣ್ಣುವುದನ್ನು ಕಂಡು ಅವನ ತಾಯಿ ವಿನುತಾಳಿಗೂ ಜೀವ ತಂಪಾಯಿತು.

ಕಾಶಿಗೆ ಮಾತ್ರ ಒಂದು ಕಿರಿಕಿರಿ. ಇನ್ನೊಬ್ಬರ ಮನೆಯಿಂದ ಬಂದ ಪಾತ್ರೆಯನ್ನು ಖಾಲಿ ಕೊಟ್ಟವಳಲ್ಲ ಅವಳು. ನೌಕಾನೆಲೆಗೆ ಜಾಗ ಬಿಟ್ಟು ಚೆಂಡಿಯಾ ಕಡೆಯಿಂದ ಎದ್ದು ಬಂದಾಗ ಈ ಕಾಲೊನಿಯಲ್ಲಿ ಪಕ್ಕದ ಮನೆಯವರ ಪರಿಚಯವೂ ಇರಲಿಲ್ಲ. ಒಂದು ಬಟ್ಟಲು ಸಾರು ಹೋಗಿ, ಅದೇ ಬಟ್ಟಲಲ್ಲಿ ನಾಲ್ಕು ಬಂಗಡೆ ಬಂದು, ಹಾಗೆಯೇ ನೆರೆಹೊರೆಯಾದದ್ದು. ಅದರ ಮೇಲೆ ಊರ ಹಳಬರು ಆಗಾಗ, "ನಿರಾಶ್ರಿತರಿಗೆಂತ, ಎಲ್ಲಾ ಪುಕ್ಕಟೆ" ಎನ್ನುವುದು ಅವಳ ಕಿವಿಗೆ ಬಿದ್ದಿತ್ತು. ಹಾಗಾಗಿ ಬೊಮ್ಮಿಯ ಡಬ್ಬಿ ತೊಳೆದು, ಒಂದು ದಿನ ತೆಂಗಿನಕಾಯಿ ಕಡಿ, ಒಂದು ದಿನ ಸಾರಿನ ಹುಳಿಗೆಂದು ಒಣಗಿಸಿದ ಮುರುಗಲ ಸಿಪ್ಪೆ ಹಾಕಿ ಕೊಟ್ಟಳು.

"ಇದೆಂತಕೆ ಕಾಶಕ್ಕಾ? ಸರ್ಕಾರದ ಊಟ ಇದು."

"ಸರ್ಕಾರ ಹೊತ್ಕಂಡು ಬತ್ತದ್ಯಾ? ನೀ ಹೊತ್ಕಂಡು ಬತ್ತೆ. ಸುಮ್ನೆ ತಕಂಡು ಹೋಗು."

ಬೊಮ್ಮಿ ನಕ್ಕು ತನ್ನ ಮನೆಗೆ ಒಯ್ಯುತ್ತಿದ್ದಳು. ಅವಳದು ಗದ್ದೆ ಬೇಸಾಯದ ಮನೆ. ಪಾತ್ರೆ ಖಾಲಿ ಕೊಡದ ಕ್ರಮ ಅವಳಲ್ಲೂ ಇತ್ತು.

ಒಂದು ದಿನ ಕಾಶಿ ಒಣ ಸಿಗಡಿ ಹುರಿದು, ಮೆಣಸು ಸೇರಿಸಿ ಪುಡಿ ಮಾಡಿ ಹಾಕಿಕೊಟ್ಟಳು. ಬೊಮ್ಮಿ ಅವಸರದಲ್ಲಿ ಡಬ್ಬಿಯನ್ನು ಶಾಲೆಯ ಅಡುಗೆಕೋಣೆಯಲ್ಲೇ ಮರೆತು ಹೋದಳು. ಮಾರನೆಯ ದಿನ ಅವಳ ಗದ್ದೆಯಲ್ಲಿ ನಾಟಿ. ಅವಳು ಬರುವುದು ತಡವಾಯಿತು. ಒಲೆಯ ಮುಂದೆ ಇದ್ದವಳು ಜೊತೆಯ ಅಡುಗೆಯವಳು ಪುಟ್ಟು, ಅವಳಿಗೋ ಮೂಗು ಕಟ್ಟಿದ ನೆಗಡಿ. ಸಾಂಬಾರು ಪುಡಿಯ ಡಬ್ಬ ತಳ ಕಂಡಿತ್ತು. ಪಕ್ಕದಲ್ಲಿ ಕೆಂಪು ಪುಡಿ ತುಂಬಿದ ಡಬ್ಬಿ ಕಂಡಾಗ, ಬೊಮ್ಮಿ ಮನೆಯಿಂದ ಮಾಡಿ ತಂದಿಟ್ಟಿದ್ದಾಳೆಂದು ಅಷ್ಟನ್ನೂ ಕುದಿಯುವ ಬೇಳೆಗೆ ಸುರಿದಳು.

ಪರಿಮಳ ನಾಲ್ಕನೆಯ ತರಗತಿಗೆ ಮುಟ್ಟಿತು. ತಂಡೇಲರ ರೋಷನ ಎದ್ದು ನಿಂತು, "ಸಾರ್, ಇವತ್ತು ಶಾಲೇಲಿ ಮೀನ್ ಸಾರು!" ಎಂದು ಕೂಗಿದ. ಆದರೆ ಮೀನು ಮುಟ್ಟದ ಮನೆಗಳ ಮಕ್ಕಳೂ ಇದ್ದರು. ನಾಗೇಶ ಮಾಸ್ತರು ಓಡಿ ಬಂದು ಹಂಡೆ ಇಳಿಸಿದರು. ಮತ್ತೆ ಬೇಳೆ ಬೇಯುವವರೆಗೆ ಮಕ್ಕಳು ಖಾಲಿ ತಟ್ಟೆ ಬಾರಿಸುತ್ತ ಕೂತರು.

"ಬೊಮ್ಮಿ, ತಪ್ಪು ನಿನ್ನದೂ ಅಲ್ಲ, ಪುಟ್ಟುದೂ ಅಲ್ಲ," ಎಂದರು ಮಾಸ್ತರು. "ಆದರೆ ಹೊರಗಿನ ಒಂದು ಕಾಳೂ ಈ ಕೋಣೆಗೆ ಬರೂಕಾಗ. ಮಕ್ಕಳ ಹೊಟ್ಟೆ ಪ್ರಶ್ನೆ. ನಾಳೆಯಿಂದ ಆ ಡಬ್ಬಿ ಖಾಲಿ ಬರಬೇಕು."

ಅಂದು ತಡವಾಗಿ ಡಬ್ಬಿ ತಂದ ಬೊಮ್ಮಿ ಇದನ್ನು ಮೆತ್ತಗೆ ಹೇಳಿದಳು. ಕಾಶಿ ಮೊದಲು ನಾಚಿದಳು, ಆಮೇಲೆ ಮುಖ ಬಿಗಿದುಕೊಂಡಳು.

"ಮಕ್ಕಳು ಹಸ್ಕಂಡು ಕೂತದ್ದು ನನ್ನಿಂದ. ಅದು ಒಪ್ಪುದೇ. ಆದ್ರೆ ಖಾಲಿ ಪಾತ್ರೆ ಕೊಡೂಕೆ ನನ್ನ ಕೈ ಬರೂದಿಲ್ಲ ಬೊಮ್ಮಿ. ನಾಳೆಯಿಂದ ತರೂದು ಬ್ಯಾಡ. ನಮ್ಮನೇಲಿ ಅಕ್ಕಿ ಇಲ್ವಾ?"

"ಹುಡುಗ ಉಣ್ತಿದ್ದ, ಕಾಶಕ್ಕಾ."

"ಇಲ್ಲೂ ಉಣ್ತಾನೆ."

ಉಣ್ಣಲಿಲ್ಲ. ಮರುದಿನ ಗಂಟೆ ಹೊಡೆಯಿತು, ನಿತೇಶ ಓಣಿಯ ಕಡೆ ನೋಡಿದ. ಕಾಶಿ ಅನ್ನ ಕಲಸಿ ಬಾಯ ಹತ್ತಿರ ಒಯ್ದರೆ ತುಟಿ ಬಿಗಿದ. ಹಟವೂ ಅಲ್ಲ, ಅಳುವೂ ಇಲ್ಲ. ಬೊಮ್ಮಿ ಬಂದಾಳೆಂದು ಕಾದದ್ದು ಅಷ್ಟೇ. ಅದರ ಮಾರನೆಯ ದಿನವೂ ಹಾಗೇ. ಕಾಶಿ ಇಸವಾಣ ಮೀನಿನ ತುಂಡು ಹುರಿದಿಟ್ಟಳು. ಅವನು ಮೀನಿನ ವಾಸನೆಗೆ ಒಮ್ಮೆ ತಿರುಗಿ, ಮತ್ತೆ ಓಣಿ ನೋಡಿದ.

"ನಿಮ್ಮ ಮರ್ಯಾದಿ ನೀವೇ ಉಣ್ಣಿ," ಎಂದಳು ವಿನುತಾ, ಅತ್ತೆಗೆ ಎಂದೂ ಎದುರಾಡದವಳು.

ಕಾಶಿ ತಣ್ಣಗಾದ ಅನ್ನವನ್ನು ಒಳಗೆ ಒಯ್ದಿಟ್ಟಳು. ಮರುದಿನ ಬೆಳಗಿನ ಮೀನು ಮಾರಿ ಬೇಗ ಬಂದು, ಬುಟ್ಟಿ ಇಟ್ಟು, ಕೈಕಾಲು ತೊಳೆದು, ಮಗ ಬಾಬು ಬೋಟಿಗೆ ಹೋಗುವಾಗ ಒಯ್ಯುವ ಊಟದ ಡಬ್ಬಿಗಳಲ್ಲಿ ಒಂದನ್ನು ಇಳಿಸಿದಳು. ಒಳಗೆ ಮೂಸಿ ನೋಡಿದಳು. ಬೂದಿ ಹಾಕಿ ತಿಕ್ಕಿದಳು, ಮತ್ತೆ ಮೂಸಿದಳು. ಆಮೇಲೆ ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಶಾಲೆಯ ಕಡೆ ನಡೆದಳು.

ಅವಳು ಮುಟ್ಟುವಾಗ ಮಕ್ಕಳು ತಟ್ಟೆ ಹಿಡಿದು ಸಾಲು ನಿಂತಿದ್ದರು. ಕಾಶಿ ಸಂಕೇತನ ಹಿಂದೆ ಹೋಗಿ ನಿಂತಳು. ಅವಳ ಹಿಂದೆ ರೋಷನ ಬಂದ.

"ಅಜ್ಜೀ, ನಿಂದು ಯಾವ ಕ್ಲಾಸು?"

"ನಿನ್ನ ಅಪ್ಪಂಗೆ ಬಲೆ ಬಿಡೂಕೆ ಕಲ್ಸಿದ ಕ್ಲಾಸು. ಸಾಲಲ್ಲಿ ಸಮ ನಿಂತ್ಕ."

ನಗು ಕೇಳಿ ನಾಗೇಶ ಮಾಸ್ತರು ಹೊರಗೆ ಬಂದರು. "ಅರೆ, ಕಾಶಿಬಾಯಿ! ಮುಂದೆ ಬನ್ನಿ, ಹಿರಿಯರು ನಿಲ್ಲೂದು ಬೇಡ."

"ಇಲ್ಲ ಮಾಸ್ತರೆ. ಇದು ನನ್ನ ಪಾಳಿ ಅಲ್ಲ, ನಿತೇಶಂದು. ಅವ ಸಾಲಲ್ಲೇ ಬತ್ತ."

ಮಾಸ್ತರು ಅಲ್ಲಿಯೇ ಕಂಬಕ್ಕೆ ಒರಗಿ ನಿಂತರು. ಸಾಲು ಒಂದೊಂದೇ ಹೆಜ್ಜೆ ಸರಿಯಿತು. ತನ್ನ ಪಾಳಿ ಬಂದಾಗ ಕಾಶಿ ಡಬ್ಬಿಯ ಮುಚ್ಚಳ ತೆಗೆದು ಹಿಡಿದಳು. ಬೊಮ್ಮಿ ಸೌಟು ಎತ್ತಿದವಳು ನಿಲ್ಲಿಸಿದಳು.

"ಇದು ಶಾಲೆ ಡಬ್ಬಿ ಅಲ್ಲ ಕಾಶಕ್ಕಾ."

"ಅಲ್ವೇ ಅಲ್ಲ. ನಮ್ಮನೇದು. ನಮ್ಮನೆ ಪಾತ್ರೆ ನಮ್ಮನೆಗೇ ಹೋಗ್ತದೆ. ತಿರುಗಿ ಕೊಡೂದೇ ಇಲ್ಲ ಅಂದ್ಮೇಲೆ ಅದಕ್ಕೆ ತುಂಬಿ ಕೊಡೂದೆಂತ? ಇಷ್ಟು ಹೊಳೆಯೂಕೆ ಎರಡು ದಿನ ಬೇಕಾಯ್ತು ನೋಡು ಈ ತಲೆಗೆ. ಹಾಕು, ಹಾಕು, ಹಿಂದಿದ್ದವ ದೂಡ್ತ ಇವ್ನೆ."

"ದೂಡ್ಲೇ ಇಲ್ಲ!" ಎಂದ ರೋಷನ.

ಬೊಮ್ಮಿ ಅನ್ನ ಒತ್ತಿ ತುಂಬಿ, ಮೇಲಿಂದ ಬಸಳೆ ಸಾಂಬಾರು ಸುರಿದು, ಬದಿಗೆ ಮೊಟ್ಟೆ ಇಟ್ಟಳು. "ದಿನಾ ನೀವೇ ಬತ್ರ್ಯಾ?"

"ಕಾಲು ನಡೆಯುವಷ್ಟು ದಿನ. ಇಲ್ಲಾಂದ್ರೆ ಪ್ರಗತಿ ಬೆಳಿಗ್ಗೆ ಡಬ್ಬಿ ತತ್ತಾಳೆ, ನೀ ಮುಟ್ಸು."

"ಮುಟ್ಸ್ತೆ. ನಂಗೂ ಅವನ ಮುಖ ಕಾಣ್ದೆ ಎರಡು ದಿನ ಆಯ್ತು."

ಬರುವ ದಾರಿಯಲ್ಲಿ ಯಾರೋ ಬೇಲಿಯಿಂದ, "ಕಾಶಿ, ನಾಳೆ ಸಿಗಡಿ ಸಿಗ್ತದ್ಯೇ?" ಎಂದರು. "ಸಂಜೆ ಕೇಳಿ, ಊಟ ತಣ್ಣಗಾಗ್ತದೆ," ಎನ್ನುತ್ತ ಕಾಶಿ ನಿಲ್ಲದೆ ನಡೆದಳು. ಸೆರಗಿನೊಳಗೆ ಡಬ್ಬಿ ಹೊಟ್ಟೆಗೆ ಬಿಸಿ ಬಿಸಿ ತಾಗುತ್ತಿತ್ತು.

ನಿತೇಶ ಓಣಿಯ ಕಡೆಯೇ ನೋಡುತ್ತಿದ್ದ. ಬಂದವಳು ಬೊಮ್ಮಿಯಲ್ಲ, ಅಜ್ಜಿ ಎಂದು ಕಂಡು ಮುಖ ಸಣ್ಣದಾಯಿತು. ಮುಚ್ಚಳ ತೆಗೆದಾಗ ಮೂಗು ಅರಳಿತು. ಮೊದಲ ತುತ್ತು ನುಂಗಿ ಎರಡನೆಯದಕ್ಕೆ ತಾನೇ ಬಾಯಿ ತೆರೆದ.

"ಅಜ್ಜಿ... ಶಾಲೆಗೆ ಹೋಗಿದ್ಯಾ?"

"ಹೋಗಿದ್ದೆ. ಸಾಲಲ್ಲಿ ನಿಂತಿದ್ದೆ, ನಿನ್ನ ಪಾಳಿಲಿ."

ಅವನು ಅಗಿಯುವುದು ನಿಲ್ಲಿಸಿದ.

"ನನ್ನ ಮುಂದೆ... ಯಾರಿದ್ರು?"

"ಸಂಕೇತ. ಉದ್ದ ಕೋಲು."

"ಹಿಂದೆ?"

"ತಂಡೇಲರ ರೋಷನ. ಸುಮ್ನೆ ನಿಲ್ಲೂ ಪೋರ ಅಲ್ಲ ಅವ. ನಿನ್ನ ಬೆನ್ನಿಗೆ ತಟ್ಟೆ ತಾಗಿಸ್ತಾ ಇದ್ದ."

ನಿತೇಶನಿಗೆ ನಗು ಬಂತು. ನಗುವಾಗ ಅವನ ತಲೆ ಒಂದು ಬದಿಗೆ ವಾಲುತ್ತದೆ. ಕಾಶಿ ಎಡಗೈಯಿಂದ ಹಿಡಿದು, ಬಲಗೈಯಿಂದ ಮೊಟ್ಟೆಯ ಚೂರು ಬಾಯಿಗಿಟ್ಟಳು. ಅವನು ನಿಧಾನವಾಗಿ ಅಗಿದು ನುಂಗಿದ.

"ನಾಳೆ... ಸಂಕೇತನ ಮುಂದೆ ನಿಲ್ಲು," ಎಂದ.