ಕುದುರೆ ಮನೆಯ ಪ್ಯಾದೆ

ಬುದ್ಧಿಬಲದ, ಅಂದರೆ ಚದುರಂಗದ, ಪಟದ ಮುಂದೆ ಕುಳಿತರೆಂದರೆ ಶಿಗ್ಗಾಂವದ ರಾಘಣ್ಣ ಮಾಸ್ತರರ ಮೂಗು ಮುಗಿಲಿಗೇರುತ್ತಿತ್ತು. ೧೯೩೮ರ ಪಂದ್ಯಕ್ಕೆ ಹಾನಗಲ್ಲ, ಸವಣೂರು, ಹಿರೇಕೆರೂರುಗಳಿಂದ ಆಟಗಾರರು ಬರುವವರಿದ್ದರು. ನಿಯಮ ಬರೆಯುವ ಕೆಲಸವನ್ನು ಮಾಸ್ತರರು ಯಾರೂ ಕೇಳದೆಯೇ ಮೈಮೇಲೆ ಹಾಕಿಕೊಂಡರು.

"ಈಗೆಲ್ಲಾ ಇಂಗ್ಲಿಷ್ ಪದ್ಧತಿ ಬಂದೈತ್ರಿ. ಕಡೀ ಮನಿ ಮುಟ್ಟಿದ ಪ್ಯಾದೆ ವಜೀರ ಆಗ್ಲಿ ಬಿಡ್ರಿ" ಎಂದ ಜೋಳದ ವ್ಯಾಪಾರಿ ಕರಬಸಪ್ಪ.

"ಕಂಡಕಂಡ ಪ್ಯಾದೆಗಳೆಲ್ಲಾ ವಜೀರ ಆದ್ರ ದರಬಾರಿನ ಮರ್ಯಾದಿ ಏನಾಗಬೇಕು? ಕುದುರಿ ಮನಿಗೆ ಹೋದದ್ದು ಕುದುರಿ, ಆನಿ ಮನಿಗೆ ಹೋದದ್ದು ಆನಿ. ನಮ್ಮ ಹಳೇ ಪದ್ಧತಿನ ಖರೆ!"

ಹಾಗೆಂದು ಮಾಸ್ತರರು ದಪ್ಪಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿಯೂ ಬಿಟ್ಟರು. ಅಷ್ಟಕ್ಕೇ ಸುಮ್ಮನಾದರೇ? ಕೊನೆಯ ಆಟದಲ್ಲಿ ಸೋತವನು ವರ್ಷವಿಡೀ, ದಿನಾ ಸಂಜೆ, ಗೆದ್ದವನ ಪಟದ ಮೇಲೆ ಕಾಯಿ ಜೋಡಿಸಿಡಬೇಕೆಂಬ ಪಣವನ್ನೂ ಸೇರಿಸಿದರು. ಕರಬಸಪ್ಪ ತಮ್ಮೆದುರು ಬಗ್ಗಿ ಕಾಯಿ ಜೋಡಿಸುವುದನ್ನು ನೆನೆದು ಊಟದೆಲೆಯ ಮುಂದೆ ಒಬ್ಬರೇ ನಕ್ಕರು.

ಈ ಧೈರ್ಯದ ಗುಟ್ಟು ಪುಣೆಯಿಂದ ತರಿಸಿದ ಒಂದು ಪುಸ್ತಕ. ಹಳೇ ಪದ್ಧತಿಯ ಈ ಪಂಡಿತರು ಕದ್ದು ಓದುತ್ತಿದ್ದುದು ಇಂಗ್ಲಿಷ್ ಪುಸ್ತಕವನ್ನು, ನೋಡಿ! ನಡುವಿನ ಪ್ಯಾದೆಗಳನ್ನು ಮುಟ್ಟಬೇಡ, ಮಗ್ಗುಲಿನಿಂದ ಆರಂಭಿಸು, ಕುದುರೆಯ ಮುಂದಿನ ಪ್ಯಾದೆ ಸರಿಸಿ ಆ ಜಾಗದಲ್ಲಿ ಒಂಟೆ ಕೂರಿಸು ಎಂದಿತ್ತು ಅದರಲ್ಲಿ.

ಕೊನೆಯ ಆಟಕ್ಕೆ ಉಳಿದವರು ಮಾಸ್ತರರು, ಕರಬಸಪ್ಪ ಇಬ್ಬರೇ. ಮಾಸ್ತರರು ಪುಸ್ತಕದಂತೆ ಮಗ್ಗುಲಿನ ಕುದುರೆಯ ಮುಂದಿನ ಪ್ಯಾದೆ ಸರಿಸಿದರು.

"ಮುಂಬಾಗಲಾ ಬಿಟ್ಟು ಹಿತ್ತಲಕಡೆ ಯಾಕ ಹೊಂಟ್ರಿ ಮಾಸ್ತರ?" ಎಂದ ಕರಬಸಪ್ಪ. ಜನ ಗೊಳ್ಳೆಂದರು.

ಆದರೆ ಆ ಜಾಗದಲ್ಲಿ ಕೂತ ಒಂಟೆ ಓರೆಯಾಗಿ ತಿವಿಯುತ್ತ ಹೋದಂತೆ ಅವನ ನಗು ಇಳಿಯಿತು. ಮಧ್ಯಾಹ್ನದ ಹೊತ್ತಿಗೆ ಇಬ್ಬರ ವಜೀರರೂ ಹೋಗಿದ್ದರು. ಅದೇ ಮಗ್ಗುಲಿನ ಪ್ಯಾದೆ ನೇರವಾಗಿ ಒಂದೊಂದೇ ಹೆಜ್ಜೆಯಿಟ್ಟು ಕಡೆಯ ಮನೆ ಮುಟ್ಟಿತು.

"ವಜೀರ! ಶಹ! ಆಟ ಖಲಾಸ್!" ಮಾಸ್ತರರು ಎದ್ದೇ ನಿಂತರು.

ಕರಬಸಪ್ಪ ತಲೆ ಕೆರೆದುಕೊಂಡ. "ನನ್ನ ಚಾಳೀಸ ಮನ್ಯಾಗ ಉಳದೈತ್ರಿ. ಗೋಡಿ ಮ್ಯಾಲಿನ ಮೂರನೇ ಕಲಮು ಒಂಚೂರು ಓದಿ ಹೇಳ್ರಿ. ಅಕ್ಷರ ನಿಮ್ಮವ."

ಮಾಸ್ತರರು ಗೋಡೆಯತ್ತ ತಿರುಗಿದರು. ಮೂರು ತಿಂಗಳು ಇಂಗ್ಲಿಷ್ ಪುಸ್ತಕ ಉರು ಹೊಡೆದು, ತಾವೇ ಬರೆದದ್ದನ್ನು ಮರೆತಿದ್ದರು! "ಕುದುರೆ ಮನೆಗೆ ಹೋದದ್ದು ಕುದುರೆ" ಎಂದು ಓದಿ ಮೆಲ್ಲನೆ ಪಟದತ್ತ ಬಂದರು.

"ಬೇಕಾದ್ರ ವಜೀರನ್ನ ಇಡ್ರಿ. ಆ ಕಾಗದ ಹರದು ಒಗೀತೇನಿ" ಎಂದ ಕರಬಸಪ್ಪ.

ಆಸೆಯೇನೋ ಆಯಿತು. ಅಷ್ಟು ಜನರೆದುರು ಹೂಂ ಎನ್ನುವುದು ಹೇಗೆ? ಕುದುರೆಯನ್ನೇ ಇಟ್ಟರು. ಹತ್ತು ನಡೆಗಳಲ್ಲಿ ಅವರ ರಾಜನಿಗೆ ಹೆಜ್ಜೆಯಿಡಲು ಜಾಗ ಉಳಿಯಲಿಲ್ಲ.

ಮರುದಿನ ಸಂಜೆ ಜೋಳದ ಅಂಗಡಿಯ ಕಟ್ಟೆಯ ಮೇಲೆ ಮಾಸ್ತರರು ಬಗ್ಗಿ ಕಾಯಿ ಜೋಡಿಸುತ್ತಿದ್ದರು. ಕರಬಸಪ್ಪ ಎದುರಿಗೆ ಕುಳಿತು, ದಾರಿಹೋಕರಿಗೂ ಕೇಳುವಂತೆ ಕೇಳಿದ: "ಇವತ್ತಿನ ಆಟ ಯಾವ ಪದ್ಧತೀದ್ರಿ ಮಾಸ್ತರ?"

"ಇಂಗ್ಲಿಷ್" ಎಂದರು ಮಾಸ್ತರರು, ಪ್ಯಾದೆಗಳ ಸಾಲಿನಿಂದ ತಲೆಯೆತ್ತದೆ.