ನಾಲ್ಕುನೂರ ಹನ್ನೊಂದನೇ ಹೋಮ್ ರನ್

ಮೊದಲೇ ಹೇಳಿಬಿಡುತ್ತೇನೆ, ಬೇಸ್‌ಬಾಲ್ ನನ್ನ ಆಟವಲ್ಲ. ಗದಗದ ಕಾಲೇಜು ಮೈದಾನದಲ್ಲಿ ನಾಲ್ಕು ವರ್ಷ ಬೌಂಡರಿ ಕಾಯ್ದವನು ನಾನು. ಕ್ಯಾಚ್ ಬಿಟ್ಟನೆಂದು ನನ್ನನ್ನು ಯಾರೂ ಬೈದಿಲ್ಲ. ಅಮೆರಿಕಕ್ಕೆ ಬಂದು ಇರ್ವಿಂಗ್‌ನಲ್ಲಿ ದಿನಸಿ ಅಂಗಡಿ ಹಾಕಿದ ಮೇಲೆ ಕ್ರಿಕೆಟ್ಟೂ ಹೋಯಿತು, ಭಾನುವಾರವೂ ಹೋಯಿತು. ಮಗಳು ನಿಧಿ ಶಾಲೆಯ ತಂಡದಲ್ಲಿ ಸಾಫ್ಟ್‌ಬಾಲ್ ಆಡುತ್ತಾಳೆ. ಐದು ವರ್ಷದಲ್ಲಿ ಅವಳ ಒಂದು ಪಂದ್ಯವನ್ನೂ ನಾನು ನೋಡಿಲ್ಲ. ಅಂಗಡಿ ಬಿಟ್ಟು ಹೇಗೆ ಬರಲಿ ಎಂದು ಸಿಡುಕುತ್ತಿದ್ದೆ. ಈಚೆಗೆ ಅವಳು ಕರೆಯುವುದನ್ನೇ ಬಿಟ್ಟಿದ್ದಳು.

ಅಂಥವಳು ಹೋದ ವಾರ ತಾನಾಗಿಯೇ ಬಂದು, "ಅಪ್ಪಾ, ಸಂಡೇ ಗೇಮ್‌ಗೆ ಬರ್ತೀರಾ? ಪ್ಲೀಸ್" ಅಂದಳು. ಅವಳ ನೆಚ್ಚಿನ ಇಪ್ಪತ್ತೇಳನೇ ನಂಬರಿನ ಆಟಗಾರ ಇನ್ನೊಂದು ಹೋಮ್ ರನ್, ಅಂದರೆ ನಮ್ಮ ಸಿಕ್ಸರಿನಂಥ ಹೊಡೆತ, ಹೊಡೆದರೆ ಒಟ್ಟು ನಾಲ್ಕುನೂರ ಹನ್ನೊಂದು. ನಮ್ಮ ಕಡೆಯ ಆ ತಂಡದಲ್ಲಿ ಇಡೀ ವೃತ್ತಿಜೀವನದಲ್ಲಿ ಅಷ್ಟು ಯಾರೂ ಹೊಡೆದಿಲ್ಲವಂತೆ. ಅವನ ಹೊಡೆತಗಳು ಎಲ್ಲೆಲ್ಲಿ ಬೀಳುತ್ತವೆ ಎಂದು ಎರಡು ವರ್ಷ ಬರೆದಿಟ್ಟುಕೊಂಡು, ಅದೇ ಜಾಗದಲ್ಲಿ ಸೀಟು ಹಿಡಿದಿದ್ದಳು. ಆ ಚೆಂಡನ್ನು ತಾನೇ ಅವನ ಕೈಗೆ ಕೊಡಬೇಕು, ಅದೊಂದೇ ಜಪ. "ಯು ಆರ್ ಎ ಗುಡ್ ಕ್ಯಾಚರ್, ರೈಟ್?" ಎಂದು ನಕ್ಕಳು. ನನ್ನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಅಂಗಡಿಯನ್ನು ಹೆಂಡತಿಗೆ ಒಪ್ಪಿಸಿ, ನಿಧಿಯ ಜೊತೆ ಗೆಳೆಯ ಹಾಲಪ್ಪನನ್ನೂ ಕೂರಿಸಿಕೊಂಡು ಆರ್ಲಿಂಗ್ಟನ್ನಿನ ಸ್ಟೇಡಿಯಮ್ಮಿಗೆ ಡ್ರೈವ್ ಮಾಡಿದೆ.

ಐದನೇ ಇನಿಂಗ್ಸ್‌ನಲ್ಲಿ ಇಪ್ಪತ್ತೇಳನೇ ನಂಬರಿನವನು ಬೀಸಿದ. ಚೆಂಡು ಮೇಲೇರಿತು, ಏರಿತು, ನೇರ ನನ್ನ ನೆತ್ತಿಯ ಮೇಲೆಯೇ ಬಂತು. ಎಡಗೈ ಎತ್ತಿದೆ. ಅಬ್ಬಬ್ಬಾ! ಅಂಗೈ ಉರಿದುಹೋಯಿತು, ಆದರೆ ಬಿಡಲಿಲ್ಲ. ಐವತ್ತು ದಾಟಿದವನಿಗೆ ಇಪ್ಪತ್ತರ ಹುರುಪು ಬಂತು. ಕೆಳಗೆ ಹುಲ್ಲಿನ ಮೇಲೆ ಒಬ್ಬ ಫೀಲ್ಡರ್ ನಮ್ಮತ್ತ ಮುಖ ಮಾಡಿ ನಿಂತಿದ್ದ. ಕ್ರಿಕೆಟ್ಟಿನಲ್ಲಿ ಸಿಕ್ಸರ್ ಆಗಿ ಬಂದ ಚೆಂಡನ್ನು ಒಳಗೆ ಎಸೆಯದವರನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ. ಮನಸ್ಸು ಎಚ್ಚರಗೊಳ್ಳುವ ಮೊದಲೇ ಬಲಗೈ ಬೀಸಿ ಎಸೆದುಬಿಟ್ಟಿತ್ತು. ಗುರಿ ತಪ್ಪದೆ ಅವನ ಕಾಲಬಳಿ ಬಿತ್ತು.

ನಮ್ಮ ಸುತ್ತಲಿನ ಕೇಕೆ ತಟ್ಟನೆ ನಿಂತಿತು. ನಾನು, ಮಹಾಶೂರ, ಚಪ್ಪಾಳೆಗೆ ಕಾಯುತ್ತಿದ್ದೆ! ಅಷ್ಟರಲ್ಲಿ ಹಿಂದಿನ ಸಾಲುಗಳಿಂದ "ಬೂ" ಎಂಬ ಕೂಗು ಎದ್ದಿತು. ಎಲ್ಲರ ಬೆರಳೂ ನನ್ನ ಕಡೆಗೇ.

"ಏ ಸಂಗಮೇಶಾ, ತಲಿ ಕೆಟ್ಟೈತೇನೋ ನಿಂಗ?" ಹಾಲಪ್ಪ ತಲೆಯ ಮೇಲೆ ಕೈಹೊತ್ತು ಕುಳಿತಿದ್ದ. "ಇಲ್ಲಿ ಹಿಡದಾವಂದ ಚೆಂಡು. ಎದುರಿನ ಟೀಮಿನಾಂವ ಹೊಡದ್ರ ಅಷ್ಟ, ಛೀ ಅಂತ ಒಳಗ ಒಗೀತಾರ. ನೀ ಆ ಮನಶ್ಯಾನ ಮಾರಿಗೆ ಉಗುಳಿದಂಗಾತಲ್ಲೋ!"

ಅಯ್ಯೋ ದೇವರೇ, ಏನು ಮಾಡಿಬಿಟ್ಟೆ! ಮಗಳ ಕಡೆ ತಿರುಗಲು ಧೈರ್ಯವಾಗದೆ ಎದುರಿನ ದೊಡ್ಡ ಪರದೆ ನೋಡಿದೆ. ಅಲ್ಲಿಯೂ ನಾನೇ. ನಡೆದದ್ದನ್ನೆಲ್ಲ ನಿಧಾನ ಮಾಡಿ ತೋರಿಸುತ್ತಿದ್ದರು. ನಾನು ಹಲ್ಲು ಕಿರಿಯುತ್ತ ಚೆಂಡು ಹಿಡಿದೆ. ಪಕ್ಕದಲ್ಲಿ ನಿಧಿ ಕುಣಿದಳು, ನನ್ನತ್ತ ತಿರುಗಿದಳು, ಎರಡೂ ಕೈ ಬೊಗಸೆ ಮಾಡಿ ಚಾಚಿದಳು. "ಅಪ್ಪಾ" ಅಂದದ್ದು ತುಟಿಯಲ್ಲೇ ಗೊತ್ತಾಗುತ್ತಿತ್ತು. ನಾನು ಆ ಕೈಗಳನ್ನು ಮೊಣಕೈಯಿಂದ ಪಕ್ಕಕ್ಕೆ ಸರಿಸಿ, ಎಸೆದೆ.

ಮತ್ತೊಮ್ಮೆ ತೋರಿಸಿದರು. ಚೆಂಡು ಹುಲ್ಲಿಗೆ ಬಿದ್ದ ಮೇಲೂ ಅವಳ ಬೊಗಸೆ ಹಾಗೇ ಇತ್ತು.