ಎರಡು ಬೆರಳಿನ ಹಿಡಿತ

ನನ್ನ ಗಂಡ ಲುಟ್ವಾಮನ ಬಲಗೈ ಬೆರಳುಗಳು ಶುಂಠಿಯ ಕೊಂಬಿನ ಹಾಗಿದ್ದವು. ಒಳಗೆ ಮೂಳೆಯ ಗಂಟುಗಳು, ಮೇಲೆ ಚರ್ಮದಡಿ ನೀಲಿ ರಕ್ತದ ಗುಳ್ಳೆಗಳು. ಗುಳ್ಳೆಯನ್ನು ಒತ್ತಿದರೆ ತಗ್ಗುತ್ತಿತ್ತು, ಬಿಟ್ಟರೆ ಮತ್ತೆ ಉಬ್ಬುತ್ತಿತ್ತು. ಐದನೆಯ ವಯಸ್ಸಿನಲ್ಲಿ ಶುರುವಾದದ್ದಂತೆ. ವೈದ್ಯರು ಅದನ್ನು ಮಫೂಚಿ ಎನ್ನುತ್ತಿದ್ದರು. ಫುಟ್‌ಬಾಲ್ ಆಟಗಾರನ ಹೆಸರಿನ ಹಾಗಿದೆ ಎಂದು ಲುಟ್ವಾಮ ನಗುತ್ತಿದ್ದ. ಆ ಕೈಯಲ್ಲೇ ಎಂಟು ವರ್ಷ ಶಾಲೆಯಲ್ಲಿ ಗಣಿತ ಕಲಿಸಿದ. ಕಡೆಗೆ ಭುಜದಲ್ಲಿದ್ದ ಗಂಟು ಕ್ಯಾನ್ಸರ್ ಆಯಿತು. ಮೂವತ್ತಮೂರಕ್ಕೆ ಹೋದ. ನಾನು ಅಳಲಿಲ್ಲ. ಈಗಲೂ ಅತ್ತಿಲ್ಲ.

ಹತ್ತು ತಿಂಗಳ ಮೇಲೆ ಕುಲದವರು ಕೊನೆಯ ಕ್ರಿಯೆಗೆ ದಿನ ಗೊತ್ತುಮಾಡಿದರು. ನಮ್ಮ ಬುಗಾಂಡ ನಾಡಿನಲ್ಲಿ ಆ ದಿನ ಸತ್ತವನ ವಾರಸುದಾರನನ್ನು ನಿಲ್ಲಿಸುತ್ತಾರೆ. ಮರದ ತೊಗಟೆಯ ಬಟ್ಟೆ ಹೊದಿಸಿ ಕೈಗೆ ಈಟಿ ಕೊಟ್ಟ ಮೇಲೆ ಅವನು ಮಗನಲ್ಲ, ಸತ್ತವನೇ; ಮನೆಯವರು ಅವನನ್ನು ಕರೆಯುವುದೂ ಹಾಗೆಯೇ. ಮನೆ, ಬಾಳೆತೋಟ, ಸಂಬಂಧಗಳು ಎಲ್ಲ ಅವನವು.

ನಮಗೆ ಒಬ್ಬನೇ ಮಗ, ಬುಕೆನ್ಯ. ಆರು ವರ್ಷ. ಆದರೆ ಕುಲದ ಹಿರಿಯರು, ಕಿಬಿರಿಗೆ ಎಂಬ ಹೆಸರಿನ ದೊಡ್ಡಮಾವ, ಹಿಂಜರಿದರು. ಅಪ್ಪನ ಜಾಗದಲ್ಲಿ ನಿಂತವನಿಗೆ ಅಪ್ಪನ ಕೈಯೂ ಬಂದರೆ ಎಂಬುದು ಅವರ ಭಯ. ನನ್ನ ಮೈದುನ ಕಯೊಂಡೊನ ಹಿರಿಮಗ ನಿಲ್ಲಲಿ ಎಂದರು. ಅವನು ನಿಂತರೆ ನಾವಿಬ್ಬರೂ ಈ ಮನೆಯಲ್ಲಿ ಅವರು ಇರಿ ಎಂದಷ್ಟು ದಿನ ಮಾತ್ರ.

ನಾನು ರಾಜಧಾನಿ ಕಂಪಾಲಾಕ್ಕೆ ಹೋಗಿ, ಈ ಕಾಯಿಲೆ ಮಗನಿಗೆ ಬರುವುದಿಲ್ಲ ಎಂದು ವೈದ್ಯರಿಂದ ಕಾಗದ ಬರೆಸಿ ತಂದೆ. ಇಂಗ್ಲಿಷಿನಲ್ಲಿತ್ತು. ಹಿರಿಯರ ಮುಂದೆ ಚಾಪೆಯ ಮೇಲೆ ಮಂಡಿಯೂರಿ, ನಮ್ಮ ಲುಗಾಂಡ ಭಾಷೆಗೆ ತಿರುಗಿಸುತ್ತಾ ಓದಿದೆ. ವಿಶ್ವವಿದ್ಯಾಲಯದಲ್ಲಿ ನಾನು ಓದಿದ್ದೇ ಭಾಷಾಂತರ.

“ಲುಟ್ವಾಮನದು ವಾರಸಿಗೆ ಬರುವಂಥದ್ದಲ್ಲ,” ಎಂದೆ.

ದೊಡ್ಡಮಾವ ತಲೆಯಾಡಿಸಿದರು. ಉಳಿದವರೂ ಆಡಿಸಿದರು. ಇಷ್ಟು ಬೇಗ ಒಪ್ಪಿದರಲ್ಲ ಎಂದುಕೊಂಡು ಎದ್ದು ಬಂದೆ. ಹೊರಗೆ ಬಾಳೆಕಾಯಿ ಸುಲಿಯುತ್ತಿದ್ದ ನಾದಿನಿ ನಲುಬೇಗ ನನ್ನನ್ನು ಹಿತ್ತಿಲಿಗೆ ಎಳೆದಳು.

“ಎಂಥ ಓದು ಓದಿದೀಯ ಅತ್ತಿಗೆ? ನಿನ್ನ ಮಗನ್ನ ನೀನೇ ಆಚೆ ಹಾಕ್ದೆ.”

“ಕಾಯಿಲೆ ಬರಲ್ಲ ಅಂತ ಹೇಳ್ದೆ.”

“ಕಾಯಿಲೆ ಅಂದ್ಯಾ? ‘ಲುಟ್ವಾಮನದು’ ಅಂದೆ. ಅಣ್ಣನ ಜಾಗಕ್ಕೆ ವಾರಸಿಲ್ಲ ಅಂತ ಡಾಕ್ಟ್ರೇ ಬರ್ಕೊಟ್ಟಿದಾರೆ ಅಂತ ದೊಡ್ಡಪ್ಪ ಆಗ್ಲೇ ಕಯೊಂಡೊಗೆ ಹೇಳಿ ಕಳಿಸ್ತಿದಾರೆ.”

ನಮ್ಮ ಮಾತಿನಲ್ಲಿ ಅಪ್ಪನಿಂದ ಮಗನಿಗೆ ಈಟಿ ದಾಟುವುದಕ್ಕೂ ರೋಗ ದಾಟುವುದಕ್ಕೂ ಕ್ರಿಯಾಪದ ಒಂದೇ. ಅದು ನನಗೆ ಗೊತ್ತಿತ್ತು. ಪರೀಕ್ಷೆಯಲ್ಲಿ ಬರೆದಿದ್ದೆ ಕೂಡ.

ಮತ್ತೆ ಹೋಗಿ ಮಂಡಿಯೂರಿದೆ. ಈ ಸಲ ಕಾಗದ ಬಿಚ್ಚಲಿಲ್ಲ. ಈ ಗಂಟು ಅವನ ಅಪ್ಪನಿಗೆ ಇರಲಿಲ್ಲ, ತಮ್ಮನಿಗಿಲ್ಲ, ತಂಗಿಗಿಲ್ಲ, ಅವನೊಬ್ಬನ ಮೈಯಲ್ಲಿ ಹುಟ್ಟಿ ಅವನ ಜೊತೆಗೇ ಮಣ್ಣಿಗೆ ಹೋಯಿತು ಎಂದೆ. ದೊಡ್ಡಮಾವ ಮೂಲೆಯಲ್ಲಿದ್ದ ಈಟಿ ತರಿಸಿ, ಹುಡುಗ ಹಿಡಿಯಲಿ, ನೋಡೋಣ ಎಂದರು.

ಬುಕೆನ್ಯ ಹೆಬ್ಬೆರಳು, ತೋರುಬೆರಳಿನಿಂದ ಈಟಿ ಹಿಡಿದ. ಉಳಿದ ಮೂರು ಬೆರಳು ಸೊಟ್ಟಗೆ ಹೊರಕ್ಕೆ ಚಾಚಿಕೊಂಡವು. ಲುಟ್ವಾಮ ಸೀಮೆಸುಣ್ಣ ಹಿಡಿಯುತ್ತಿದ್ದದ್ದು ಹಾಗೆ.

ದೊಡ್ಡಮಾವ ನನ್ನ ಕಡೆ ತಿರುಗಿದರು.

“ಹಂಗಾದ್ರೆ ಇದೇನಮ್ಮ?”

ಅಪ್ಪನ ಕೈಯೇ ಬಂದಿದೆ ಎಂದು ಒಂದು ಕ್ಷಣ ನಾನೂ ನಂಬಿಬಿಟ್ಟೆ.

ನಲುಬೇಗ ಬಾಳೆಯ ಸೊನೆ ಮೆತ್ತಿದ ಕೈಯಲ್ಲೇ ಒಳಗೆ ಬಂದಳು. ಹುಡುಗನ ಬೆರಳುಗಳನ್ನು ಒಂದೊಂದಾಗಿ ನೆಟ್ಟಗೆ ಮಾಡಿದಳು. ಅವು ತೊಂದರೆಯಿಲ್ಲದೆ ನೆಟ್ಟಗಾದವು.

“ಹೀಗ್ಯಾಕೋ ಹಿಡ್ದೆ?”

“ಅಪ್ಪ ಹಿಂಗೇ ಹಿಡಿಯೋದು ಅತ್ತೆ,” ಎಂದ ಬುಕೆನ್ಯ. “ಲೋಟಾನೂ ಹಿಂಗೇ.”

ನಲುಬೇಗ ಅವನ ಅಂಗೈಯನ್ನು ಕಿಬಿರಿಗೆಯವರ ಮುಂದೆ ಹಿಡಿದಳು. “ಒತ್ತಿ ನೋಡಿ ದೊಡ್ಡಪ್ಪ. ಸಂತೇಲಿ ಬೆಣ್ಣೆಹಣ್ಣು ಒತ್ತಿ ನೋಡ್ತೀರಲ್ಲ, ಹಾಗೇ.”

ಅವರು ಒತ್ತಿದರು. ಐದೂ ಬೆರಳು, ಗಿಣ್ಣು ಗಿಣ್ಣು. ಆಮೇಲೆ ಎಡಗೈ. ಹುಡುಗನಿಗೆ ಕಚಗುಳಿಯಾಗಿ ನಕ್ಕ.

“ಕಲ್ತಿದ್ದು ಇದು,” ಎಂದರು ಕೊನೆಗೆ. “ಬಂದಿದ್ದಲ್ಲ.”

ಆ ಮಾತು ನನಗೆ ಹೊಳೆಯಬೇಕಿತ್ತು.

ಶನಿವಾರ ಬೆಳಿಗ್ಗೆ ಬುಕೆನ್ಯನಿಗೆ ತೊಗಟೆಯ ಬಟ್ಟೆ ಹೊದಿಸಿ ಬಾಗಿಲಲ್ಲಿ ನಿಲ್ಲಿಸಿದರು. ಬಟ್ಟೆ ಉದ್ದವಾಗಿ ನೆಲ ಗುಡಿಸುತ್ತಿತ್ತು. ಕಿಬಿರಿಗೆಯವರೇ ಈಟಿ ಕೊಟ್ಟರು. ಅವನು ಮತ್ತೆ ಎರಡೇ ಬೆರಳಿನಿಂದ ಹಿಡಿದ. ಕಯೊಂಡೊ ನೋಡಿದ. ಎಲ್ಲರೂ ನೋಡಿದರು. ಯಾರೂ ತಿದ್ದಲಿಲ್ಲ.

ನಲುಬೇಗ ಮುಂದೆ ಬಂದು ಅವನೆದುರು ಮಂಡಿಯೂರಿದಳು.

“ಬಂದ್ಯಾ ಅಣ್ಣ?”

ಬುಕೆನ್ಯ ನನ್ನ ಮುಖ ನೋಡಿದ. ಹೂಂ ಅನ್ನು ಎಂದು ಸನ್ನೆ ಮಾಡಿದೆ.